ಓಪಿಜಿಯಲ್ಲಿ ಸೈನಸ್ ಗುಳ್ಳೆ ಕಂಡರೆ ನಾನು ಏನು ನೋಡುತ್ತೇನೆ

ವಿಸ್ಡಮ್ ಟೂತ್ ತೆಗೆಸಲು ಬಂದವರಿಗೆ ಓಪಿಜಿ, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್-ರೇ, ಮಾಡಿಸುತ್ತೇವೆ. ಮೇಲ್ದವಡೆಯ ಹಿಂದಿನ ಹಲ್ಲುಗಳ ಮೇಲೆ, ಕೆನ್ನೆಯೊಳಗೆ ಗಾಳಿ ತುಂಬಿದ ಪೊಳ್ಳು ಜಾಗವೇ ಸೈನಸ್, ಅದೂ ಇದರಲ್ಲಿ ಕಾಣುತ್ತದೆ. ರಿಪೋರ್ಟ್‌ನಲ್ಲಿ ‘ಸೈನಸ್ ಸಿಸ್ಟ್’ (ಸೈನಸ್ ಗುಳ್ಳೆ) ಅಂತ ಇದ್ದರೆ ಮುಗೀತು, ಹಲ್ಲಿನ ಮಾತೇ ಮರೆತುಹೋಗುತ್ತದೆ. “ಡಾಕ್ಟ್ರೇ, ಗಡ್ಡೆನಾ?” ಅಂತ ಕೇಳುತ್ತಾರೆ.

ಈ ಗುಳ್ಳೆ ಅಪರೂಪದ್ದೇನಲ್ಲ. ಅಧ್ಯಯನಗಳ ಲೆಕ್ಕದಲ್ಲಿ ಓಪಿಜಿ ತೆಗೆಸಿದ 100 ಜನರಲ್ಲಿ ಸುಮಾರು 2ರಿಂದ 10 ಮಂದಿಗೆ ಕಾಣುತ್ತದೆ. ದವಡೆಯ 3ಡಿ ಸ್ಕ್ಯಾನ್ ಆದ ಸಿಬಿಸಿಟಿಯಲ್ಲಿ ಇನ್ನೂ ಜಾಸ್ತಿ. ಓಪಿಜಿಯಲ್ಲಿ ಕೆನ್ನೆಮೂಳೆ, ಅಂಗುಳಿನ ನೆರಳು ಸೈನಸ್ ಮೇಲೆ ಬೀಳುವುದರಿಂದ ಚಿಕ್ಕವು ಮರೆಯಾಗುತ್ತವೆ. ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಸೈನಸ್ಸಿನ ಒಳಪೊರೆಯಲ್ಲಿ ದ್ರವ ಸೇರಿ ಉಬ್ಬಿರುತ್ತದೆ, ಅಷ್ಟೇ.

ನಾನು ಮೊದಲು ಹುಡುಕುವುದು ಬಿಳಿ ಗೆರೆಯನ್ನು, ಎಕ್ಸ್-ರೇಯಲ್ಲಿ ಸೈನಸ್ಸಿನ ತಳದ ಮೂಳೆ ಹಾಗೆ ಕಾಣುತ್ತದೆ. ಮಾಮೂಲಿ ಗುಳ್ಳೆ ಸೈನಸ್ಸಿನ ಒಳಗೇ ಹುಟ್ಟುತ್ತದೆ. ತಳದ ಮೇಲೆ ಗುಮ್ಮಟದ ಹಾಗೆ ಮಸುಕಾಗಿ ಕೂತಿರುತ್ತದೆ. ತಳದ ಮೂಳೆಯ ಗೆರೆ ಅದರ ಕೆಳಗೆ ತನ್ನ ಜಾಗದಲ್ಲೇ ಇರುತ್ತದೆ, ಗುಮ್ಮಟದ ಮೇಲೆ ಗೆರೆ ಇರುವುದಿಲ್ಲ. ಹಲ್ಲಿನ ಬೇರಿನಿಂದ ಬೆಳೆದ ಸಿಸ್ಟ್ ಹಾಗಲ್ಲ. ಅದು ಹೊರಗಿನಿಂದ ಸೈನಸ್ಸಿನ ತಳವನ್ನೇ ಮೇಲಕ್ಕೆ ತಳ್ಳುತ್ತದೆ, ಹಾಗಾಗಿ ಗೆರೆ ಅದರ ನೆತ್ತಿಯ ಮೇಲೆ ಬಾಗಿರುತ್ತದೆ.

ಆಮೇಲೆ ಸೈನಸ್ಸಿನ ಕೆಳಗಿರುವ ಹಲ್ಲುಗಳ ಸರದಿ. ಮೇಲ್ದವಡೆಯ ಹಿಂದಿನ ಹಲ್ಲುಗಳನ್ನು ಕನ್ನಡಿಯ ಹಿಡಿಯಿಂದ ತಟ್ಟುತ್ತೇನೆ, ತಣ್ಣನೆಯ ಹತ್ತಿ ಇಟ್ಟು ಜುಮ್ಮೆನ್ನುತ್ತದಾ ಅಂತ ಕೇಳುತ್ತೇನೆ, ಒಸಡಿನ ಆಳ ಅಳೆಯುತ್ತೇನೆ. ಅನುಮಾನ ಬಂದ ಹಲ್ಲಿಗೆ ಚಿಕ್ಕ ಎಕ್ಸ್-ರೇ. ಹಲ್ಲು ಸತ್ತಿದ್ದರೆ ಕಥೆಯೇ ಬೇರೆ. ಆಗ ರೂಟ್ ಕೆನಾಲ್ ಮಾಡಿ ಸೈನಸ್ ನೆರಳು ಕಡಿಮೆಯಾಗುತ್ತದಾ ನೋಡಬೇಕು.

ಎಲ್ಲಾ ಸರಿ ಇದ್ದರೆ ಚಿಕಿತ್ಸೆ ಬೇಡ. ಆ್ಯಂಟಿಬಯಾಟಿಕ್ ಕೂಡ ಬರೆಯುವುದಿಲ್ಲ, ಸುಮ್ನೆ ಯಾಕೆ? ಆದರೆ ಮೂಳೆಯ ಗೆರೆ ತಿಂದುಹೋಗಿದ್ದರೆ, ಕೆನ್ನೆ ಜೋಮು ಹಿಡಿದಿದ್ದರೆ, ಒಂದೇ ಹೊಳ್ಳೆಯಲ್ಲಿ ರಕ್ತ ಬರುತ್ತಿದ್ದರೆ, ಕಾರಣವಿಲ್ಲದೆ ಹಲ್ಲು ಅಲ್ಲಾಡುತ್ತಿದ್ದರೆ ಕಾಯುವ ಮಾತಿಲ್ಲ. ಸಿಟಿ ಸ್ಕ್ಯಾನ್ ಬರೆದು ಇಎನ್‌ಟಿ ಡಾಕ್ಟರ ಬಳಿ ಕಳಿಸುತ್ತೇನೆ. ಗುಳ್ಳೆ ಇರುವ ಕಡೆಯೇ ಇಂಪ್ಲಾಂಟ್‌ಗಾಗಿ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು) ಸೈನಸ್ ಲಿಫ್ಟ್, ಅಂದರೆ ಸೈನಸ್ಸಿನ ಒಳಪೊರೆ ಎತ್ತಿ ಕೆಳಗೆ ಮೂಳೆ ತುಂಬುವುದು, ಮಾಡಬೇಕಿದ್ದು ಗುಳ್ಳೆ ದೊಡ್ಡದಿದ್ದರೂ ಮೊದಲು ಅವರ ಅಭಿಪ್ರಾಯ ಕೇಳುತ್ತೇನೆ.

ಉಳಿದವರಿಗೆ ಹಳೇ ಎಕ್ಸ್-ರೇ ಜೋಪಾನವಾಗಿಡಿ ಅನ್ನುತ್ತೇನೆ, ಮುಂದೆ ಹೋಲಿಸಲು ಬೇಕಾಗುತ್ತದೆ. ಇನ್ನೊಂದು ಮಾತನ್ನೂ ಮುಂಚೆನೇ ಹೇಳಿಡುತ್ತೇನೆ: ಎಂದಾದರೂ ಅದು ತಾನಾಗಿ ಒಡೆದು ಮೂಗಿನಿಂದ ಹಳದಿ ನೀರು ಇಳಿಯಬಹುದು, ಗಾಬರಿಯಾಗಬೇಡಿ, ಒಂದು ಫೋನ್ ಮಾಡಿ.