ಸ್ಯಾಂಪಲ್ ಲೈಬ್ರರಿ: ಹತ್ತು ಬೇಡ, ಒಂದನ್ನು ಪೂರ್ತಿ ಕಲಿಯಿರಿ

ಕಂಪ್ಯೂಟರ್‌ನಲ್ಲಿ ಸಂಗೀತ ಸಂಯೋಜಿಸಲು ಹೊರಟವರು ಮೊದಲು ಎಡವುವುದು ಇಲ್ಲೇ. ಉಚಿತ ಎಂದು ಕಂಡ ಲೈಬ್ರರಿಗಳನ್ನೆಲ್ಲ ಇಳಿಸಿಕೊಳ್ಳುತ್ತೇವೆ. ಡಿಸ್ಕ್ ತುಂಬುತ್ತದೆ, ಹಾಡು ಮಾತ್ರ ಮುಗಿಯುವುದಿಲ್ಲ. ನನಗೂ ಹಾಗೇ ಆಗಿತ್ತು. ಕೊನೆಗೆ ಒಂದನ್ನೇ ಹಿಡಿದು ಆರು ತಿಂಗಳು ಕೂತ ಮೇಲೆ ದಾರಿ ಸಿಕ್ಕಿತು.

ನಿಜವಾದ ವಾದ್ಯವನ್ನು ಸ್ವರ ಸ್ವರವಾಗಿ ರೆಕಾರ್ಡ್ ಮಾಡಿ, ಕೀಬೋರ್ಡ್‌ನಿಂದ ನುಡಿಸುವಂತೆ ಜೋಡಿಸಿಟ್ಟಿದ್ದೇ ಸ್ಯಾಂಪಲ್ ಲೈಬ್ರರಿ. ಮೆಲ್ಲಗೆ ನುಡಿಸಿದ್ದು, ಜೋರಾಗಿ ನುಡಿಸಿದ್ದು ಬೇರೆ ಬೇರೆ ಪದರಗಳಲ್ಲಿ ಇರುತ್ತವೆ. ಒಂದೇ ಸ್ವರದ ಹಲವು ರೆಕಾರ್ಡಿಂಗ್‌ಗಳು ಸರದಿಯಂತೆ ಬರುವುದಕ್ಕೆ ರೌಂಡ್ ರಾಬಿನ್ ಎನ್ನುತ್ತಾರೆ. ಅದಿಲ್ಲದಿದ್ದರೆ ಒಂದೇ ಸ್ವರವನ್ನು ಬೇಗ ಬೇಗ ಬಾರಿಸಿದಾಗ ಯಂತ್ರ ಬಡಿದಂತೆ ಕೇಳುತ್ತದೆ.

ಆರಿಸುವ ಮುಂಚೆ

ನಿಮ್ಮ ಕಂಪ್ಯೂಟರ್ ಎಷ್ಟು ಹೊರುತ್ತದೆ ನೋಡಿ. ಸ್ಪಿಟ್‌ಫೈರ್ ಆಡಿಯೊದ ‘ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ’ ಲೈಬ್ರರಿಯನ್ನೇ ತೆಗೆದುಕೊಳ್ಳಿ. ಅದರ ಡಿಸ್ಕವರ್ ಆವೃತ್ತಿ ಸುಮಾರು 200 ಎಂಬಿ. ಪ್ರೊಫೆಷನಲ್ ಆವೃತ್ತಿಗೆ 500 ಜಿಬಿಗಿಂತ ಜಾಸ್ತಿ ಜಾಗ ಬೇಕು. ಕಲಿಯುವವರಿಗೆ ಚಿಕ್ಕದೇ ಸಾಕು. ದೊಡ್ಡದನ್ನು ಕೊಳ್ಳುವುದಾದರೆ ಬೇಗ ಓದುವ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಇರಲಿ.

ಇನ್ನೊಂದು ಎಚ್ಚರಿಕೆ. ಲೈಬ್ರರಿಗಳನ್ನು ನುಡಿಸುವ ಕಾಂಟ್ಯಾಕ್ಟ್ ಎಂಬ ತಂತ್ರಾಂಶಕ್ಕೆ ಮಾಡಿದ ಎಲ್ಲ ಲೈಬ್ರರಿಗಳೂ ಉಚಿತ ಕಾಂಟ್ಯಾಕ್ಟ್ ಪ್ಲೇಯರ್‌ನಲ್ಲಿ ಸರಿಯಾಗಿ ನಡೆಯುವುದಿಲ್ಲ. ಕೆಲವಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪೂರ್ತಿ ಆವೃತ್ತಿಯೇ ಬೇಕು. ಹಣ ಕಟ್ಟುವ ಮುಂಚೆ ಯಾವ ಆವೃತ್ತಿ ಬೇಕೆಂದು ಹೇಳುವ ಸಾಲನ್ನು ಹುಡುಕಿ ಓದಿ. ಡೆಮೊ ಕೇಳುವಾಗಲೂ ಅಷ್ಟೇ, ಮೂವತ್ತು ವಾದ್ಯ ಒಟ್ಟಿಗೆ ಮೊಳಗಿದರೆ ಯಾವುದೂ ಚೆನ್ನಾಗಿಯೇ ಕೇಳುತ್ತದೆ. ಒಂದೇ ವಾದ್ಯ ಬರಿದಾಗಿ ನುಡಿಯುವ ಡೆಮೊ ಕೇಳಿ.

ಕಲಿಯುವುದು ಹೀಗೆ

ಪಿಟೀಲಿನಿಂದ ಶುರು ಮಾಡಿ. ಎಂಟು ಬಾರ್‌ಗಳ (ತಾಳದ ಎಂಟು ಆವರ್ತದಷ್ಟು) ಒಂದು ನಿಧಾನ ಸಾಲು ಬರೆಯಿರಿ. ಪಾಶ್ಚಾತ್ಯ ಶ್ರುತಿಯಲ್ಲಿ ಪಿಟೀಲಿನ ಅತಿ ಕೆಳಗಿನ ತಂತಿ ಮಿಡಲ್ ಸಿ, ಅಂದರೆ ಕೀಬೋರ್ಡಿನ ನಡುವಿನ ಸಿ ಸ್ವರದ ಕೆಳಗಿನ ಜಿ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಈಗ ಎಡಗೈ ಕೀಬೋರ್ಡಿನ ಎಡಬದಿಯ ಮಾಡ್ಯುಲೇಷನ್ ವೀಲ್ ಎಂಬ ಚಕ್ರದ ಮೇಲಿರಲಿ. ಕೀಬೋರ್ಡು ಕಂಪ್ಯೂಟರ್‌ಗೆ ಸಂದೇಶ ಕಳಿಸುವ ಮಿಡಿ ಭಾಷೆಯಲ್ಲಿ ಇದು ಸಿಸಿ 1 (ಒಂದನೇ ನಿಯಂತ್ರಣ), ಮೌಲ್ಯ 0ಯಿಂದ 127. ಬಹಳಷ್ಟು ಆರ್ಕೆಸ್ಟ್ರಾ ಲೈಬ್ರರಿಗಳಲ್ಲಿ ಇದು ಬಿಲ್ಲಿನ ಒತ್ತಡದ ಹಾಗೆ, ದನಿಯ ಬಣ್ಣವನ್ನೇ ಬದಲಿಸುತ್ತದೆ. ಸಿಸಿ 11 ಬರೀ ಸದ್ದನ್ನು ಏರಿಸಿ ಇಳಿಸುತ್ತದೆ. ಸ್ವರ ಶುರುವಾದಾಗ ತುಸು ಕಡಿಮೆ, ನಡುವೆ ಏರಿಕೆ, ಕೊನೆಗೆ ಇಳಿಕೆ. ಮೌಸ್‌ನಲ್ಲಿ ಗೆರೆ ಎಳೆಯಬೇಡಿ, ಕೈಯಿಂದಲೇ ನುಡಿಸುತ್ತ ರೆಕಾರ್ಡ್ ಮಾಡಿ. ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಾಲೂ ನಿಲ್ಲಲಿ.

ಉದ್ದ ಸ್ವರಗಳು ತಾಳಕ್ಕಿಂತ ಸ್ವಲ್ಪ ತಡವಾಗಿ ಕೇಳಿಸಿದರೆ ಗಾಬರಿ ಬೇಡ. ಬಿಲ್ಲು ತಂತಿಯನ್ನು ಹಿಡಿಯಲು ತೆಗೆದುಕೊಳ್ಳುವ ಹೊತ್ತೂ ರೆಕಾರ್ಡ್ ಆಗಿರುತ್ತದೆ, ಅಲ್ವಾ? ಆ ಸ್ವರಗಳನ್ನು ಕಿವಿ ಒಪ್ಪುವವರೆಗೆ ತುಸು ಮುಂಚೆಯೇ ಶುರುವಾಗುವಂತೆ ಸರಿಸಿ. ಸ್ಪಿಕ್ಕಾಟೊದಂಥ, ಬಿಲ್ಲನ್ನು ಪುಟಿಸಿ ನುಡಿಸುವ ಚಿಕ್ಕ ಸ್ವರಗಳಿಗೆ ಇಷ್ಟು ಬೇಕಾಗುವುದಿಲ್ಲ.

ಗಮಕದ ಮಾತು

ನಮ್ಮ ರಾಗಗಳನ್ನು ಬರೆಯುವವರಿಗೆ ನಿಜವಾದ ಕಷ್ಟ ಇಲ್ಲಿದೆ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ತೂಗುತ್ತಲೇ ಇರುತ್ತದೆ. ಕೀಬೋರ್ಡಿನ ಯಾವ ಕೀ ಒತ್ತಿದರೂ ಅದು ಸಿಗುವುದಿಲ್ಲ. ಶ್ರುತಿಯನ್ನು ಜಾರಿಸುವ ಪಿಚ್ ಬೆಂಡ್ ವೀಲ್ ಬೇಕು. ಸಾಮಾನ್ಯವಾಗಿ ಅದರ ಅಳತೆ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರ ಇರುತ್ತದೆ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಅದೇ ತೂಗಾಟವನ್ನು ಈ ವೀಲ್‌ಗೆ ತನ್ನಿ. ಜಾಸ್ತಿ ದೂರ ಎಳೆದರೆ ದನಿ ಕೃತಕವಾಗುತ್ತದೆ. ರೆಕಾರ್ಡ್ ಆದ ಸ್ವರವನ್ನೇ ಹಿಗ್ಗಿಸುತ್ತಿದ್ದೇವೆ ತಾನೆ.

ಹಾಗಾಗಿ ರಾಗದ ಮುಖ್ಯ ಸಾಲನ್ನು ಸಾಧ್ಯವಾದರೆ ಮನುಷ್ಯರಿಂದಲೇ ನುಡಿಸಿ ಎನ್ನುತ್ತೇನೆ. ಪರಿಚಯದವರಲ್ಲಿ ಪಿಟೀಲು ಕಲಿಯುತ್ತಿರುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಒಂದು ಪಿಟೀಲು ಮುಂದಿರಲಿ, ಲೈಬ್ರರಿಯ ತಂತಿವಾದ್ಯಗಳು ಹಿಂದಿನಿಂದ ಮೆಲ್ಲಗೆ ಬರಲಿ. ಎರಡನ್ನೂ ಕೋಣೆಯ ಅನುರಣನ ಕೊಡುವ ಒಂದೇ ರಿವರ್ಬ್‌ಗೆ ಕಳಿಸಿ ಕೇಳಿ ನೋಡಿ, ಹಿಂದಿನ ಸ್ಯಾಂಪಲ್‌ಗಳಿಗೂ ಜೀವ ಬಂದಿರುತ್ತದೆ.