16 ಪುಟದ ಸ್ವಂತ ಕಾಮಿಕ್ಸ್: ಚಿತ್ರಕ್ಕೂ ಮೊದಲು ಮಾತಿಗೆ ಜಾಗ

ಸ್ವಂತ ಕಾಮಿಕ್ಸ್ ಪುಸ್ತಕ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ನಾಯಕನ ಮುಖ ಬಿಡಿಸುವುದರಿಂದ ಶುರು ಮಾಡುತ್ತಾರೆ. ಕನ್ನಡದಲ್ಲಿ ಮಾಡುವವರು ಹಾಗೆ ಮಾಡಬಾರದು. ಮೊದಲು ಕಥೆ, ಆಮೇಲೆ ಮಾತು, ಆಮೇಲೆ ಮಾತಿಗೆ ಜಾಗ; ಚಿತ್ರದ ಸರದಿ ನಂತರದ್ದು. ಬೇರೆ ಭಾಷೆಯಲ್ಲಿ ತಯಾರಾಗಿ ಕನ್ನಡಕ್ಕೆ ಬಂದ ಎಷ್ಟೋ ಕಾಮಿಕ್ಸ್‌ಗಳಲ್ಲಿ ನಮ್ಮ ಅಕ್ಷರಗಳು ಮಾತಿನ ಬಲೂನಿನೊಳಗೆ ಉಸಿರುಗಟ್ಟಿ ಕೂತಿರುತ್ತವೆ. ಅಮರ ಚಿತ್ರಕಥೆ ಕಟ್ಟಿದ ಅನಂತ ಪೈ ಕಾರ್ಕಳದವರು. ಇಂಥ ನಾಡಿನಲ್ಲಿ ಕನ್ನಡಕ್ಕೆಂದೇ ಅಳತೆ ತೆಗೆದ ಪುಟಗಳು ಇನ್ನೂ ಬೇಕಾದಷ್ಟು ಬಂದಿಲ್ಲ. ಪ್ರಕಾಶಕರಿಲ್ಲದೆ ನೀವೇ ಮಾಡುವಾಗ ಆ ಅಳತೆ ನಿಮ್ಮ ಕೈಯಲ್ಲೇ ಇರುತ್ತದೆ.

ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಕಟ್ಟಿ. ನಾಲ್ಕು ಎ4 ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಿಸಿ. ಎ5 ಅಳತೆಯ 16 ಪುಟಗಳಾದವು. ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು ಹಾಳೆಗಳನ್ನು ಬಿಡಿಸಿ ನೋಡಿ: ಹೊರಗಿನ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಇನ್ನೊಂದರಲ್ಲಿ 2 ಮತ್ತು 15. ಹಾಳೆಯ ಒಂದೇ ಮೈಯಲ್ಲಿರುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಪ್ರಿಂಟ್‌ಗೆ ಕೊಡುವಾಗ ಪುಟ ತಿರುಗಾಮುರುಗಾ ಆಗದಂತೆ ಇದೇ ಕಾಯುತ್ತದೆ. ಪುಟಗಳು ನಾಲ್ಕರ ಲೆಕ್ಕದಲ್ಲೇ ಹೋಗುತ್ತವೆ, 14 ಪುಟದ ಕಥೆಗೆ ಇಲ್ಲಿ ಜಾಗವಿಲ್ಲ.

16 ಪುಟದ ಕಥೆಯೊಳಗೆ ಒಂದು ಸಂಜೆ, ಇಬ್ಬರು ಜನ, ಒಂದು ನಿರ್ಧಾರ ಇದ್ದರೆ ಸಾಕು. ಮೂರು ತಲೆಮಾರಿನ ಕಥೆಯನ್ನು ಮುಂದಿನ ಪುಸ್ತಕಕ್ಕೆ ಇಟ್ಟುಕೊಳ್ಳಿ. ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ, ಅದರ ಕೊನೆಯ ಚೌಕಟ್ಟು ಮುಗಿದ ಕೂಡಲೇ ಓದುಗ ಹಾಳೆ ತಿರುಗಿಸಬೇಕು. ಬಾಗಿಲು ತಟ್ಟಿದ ಸದ್ದು 5ನೇ ಪುಟದ ಕೊನೆಯಲ್ಲಿ ಬಂದರೆ, ಬಂದವರು ಯಾರೆಂಬುದು 6ನೇ ಪುಟದ ಮೇಲ್ಭಾಗದಲ್ಲಿ ತಿಳಿಯಲಿ. ಎರಡೂ ಎದುರುಬದುರು ಪುಟಗಳಲ್ಲಿ ಬಂದರೆ ಕಣ್ಣು ಮೊದಲೇ ಉತ್ತರ ನೋಡಿಬಿಡುತ್ತದೆ.

ಮಾತು ಕತ್ತರಿಸಿ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಹುಡುಗಿಯೊಬ್ಬಳು ಕೆರೆ ಏರಿಯ ಮೇಲೆ ನಿಂತು ಹೇಳುತ್ತಾಳೆ ಅನ್ನಿ: "ಅಜ್ಜಿ, ನಾನು ನಿನ್ನೆ ರಾತ್ರಿ ಈ ಕೆರೆಯ ದಡದಲ್ಲಿ ಅಪರಿಚಿತ ವ್ಯಕ್ತಿಯೊಬ್ಬನನ್ನು ನೋಡಿದೆ." ಕೆರೆ ಚಿತ್ರದಲ್ಲೇ ಇದೆ, ಅಜ್ಜಿಯೂ ಎದುರಿಗಿದ್ದಾಳೆ. "ನಿನ್ನೆ ರಾತ್ರಿ ಇಲ್ಲಿ ಯಾರೋ ಇದ್ರು" ಎಂದರೆ ಮುಗಿಯಿತು. ಭಯವನ್ನು ಹುಡುಗಿಯ ಕೈ ಹೇಳಲಿ, ಅಜ್ಜಿಯ ಸೆರಗು ಹಿಡಿದ ರೀತಿ ಹೇಳಲಿ. ನಿಮ್ಮೂರಿನ ಆಡುಮಾತು ಗ್ರಂಥಸ್ಥ ಭಾಷೆಗಿಂತ ಗಿಡ್ಡ, ಅದಕ್ಕೇ ಬಲೂನಿಗೆ ಹೇಳಿ ಮಾಡಿಸಿದಂತಿರುತ್ತದೆ. ಧಾರವಾಡದ ಅಜ್ಜಿ ಧಾರವಾಡದ ಹಾಗೇ, ಕುಂದಾಪುರದವಳು ಕುಂದಾಪುರದ ಹಾಗೇ ಮಾತಾಡಲಿ.

ಅಕ್ಷರ ಕೂರಿಸಿ. ಡಮ್ಮಿಯಲ್ಲಿ ಪುಟಕ್ಕೆ ನಾಲ್ಕರಿಂದ ಆರು ಚೌಕಟ್ಟು ಎಳೆದು, ಬೆಂಕಿಕಡ್ಡಿ ಗೊಂಬೆಗಳನ್ನಷ್ಟೇ ಹಾಕಿ. ಮೊದಲು ಮಾತಾಡುವವರು ಎಡಕ್ಕಿರಲಿ. ಅಂತಿಮ ಹಾಳೆಗೆ ಹೋದ ಮೇಲೂ ಮೊದಲು ಬರೆಯಬೇಕಾದದ್ದು ಮಾತನ್ನೇ. ಬರೆದ ಮೇಲೆ ಅದರ ಸುತ್ತ ಬಲೂನು ಎಳೆಯಿರಿ. ಇಂಗ್ಲಿಷ್ ಕಾಮಿಕ್ಸ್‌ನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. "ರಾಷ್ಟ್ರ" ಎಂಬ ಪದದ ಕೆಳಗೇ "ಹೀಗೆ" ಬಂತೆಂದರೆ, ಸಾಲುಗಳ ನಡುವೆ ಧಾರಾಳ ಜಾಗ ಬಿಡದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಪದಗಳೂ ಉದ್ದ, "ಹೋಗಬೇಕಾಗಿತ್ತಲ್ಲ" ಒಂದೇ ಸಾಲನ್ನು ನುಂಗುತ್ತದೆ. ಆದ್ದರಿಂದ ಬಲೂನು ಅಗಲವಾಗಿರಲಿ. ಪದವನ್ನು ಮುರಿದು ಎರಡು ಸಾಲಿಗೆ ಹಾಕುವುದಕ್ಕಿಂತ ಮಾತನ್ನೇ ಬದಲಿಸುವುದು ಒಳ್ಳೆಯದು.

ಸದ್ದಿನ ವಿಷಯದಲ್ಲಿ ಮಾತ್ರ ನಾವು ಶ್ರೀಮಂತರು. ಧಡಾರ್, ಸರಸರ, ಪಟಪಟ, ಝುಳುಝುಳು, ಗಿರಗಿರ! ಇವಕ್ಕೆ ಫಾಂಟ್ ಬೇಡ, ಕೈಯಲ್ಲೇ ಬರೆಯಿರಿ. ಗಾಳಿಗೆ "ಸುಂಯ್" ವಾಲಲಿ, ಬಂಡೆ ಉರುಳುವಾಗ "ಧಡಧಡ" ದಪ್ಪಗಾಗುತ್ತಾ ಬರಲಿ.

ಚಿತ್ರ ಮತ್ತು ಮಸಿ. ಅಂತಿಮ ಹಾಳೆ ಎ4 ಇರಲಿ, ಅಚ್ಚಿನಲ್ಲಿ ಅದು ಎ5 ಆಗುತ್ತದೆ. ಎಲ್ಲವೂ ಶೇ 71ಕ್ಕೆ ಇಳಿಯುತ್ತದೆ, ಹಾಗಾಗಿ ಅಚ್ಚಿನಲ್ಲಿ 10 ಪಾಯಿಂಟ್ ಬೇಕಾದ ಅಕ್ಷರವನ್ನು 14ರಷ್ಟು ದೊಡ್ಡದಾಗಿ ಬರೆಯಬೇಕು. ಕೂದಲೆಳೆ ಗೆರೆಗಳು ಮಾಯವಾಗುತ್ತವೆ. ಎಚ್‌ಬಿ ಪೆನ್ಸಿಲಿನಲ್ಲಿ ತಿದ್ದಿ, ನೀರಿಗೆ ಕರಗದ ಕಪ್ಪು ಮಸಿಯಲ್ಲಿ ಗೆರೆ ಎಳೆದು, ಪೂರ್ತಿ ಒಣಗಿದ ಮೇಲೆ ರಬ್ಬರ್ ಹಾಕಿ. ಮೊದಲ ಪುಸ್ತಕ ಕಪ್ಪು-ಬಿಳುಪಿನಲ್ಲೇ ಇರಲಿ: ಖರ್ಚು ಕಡಿಮೆ, ಬೆಳಕು-ನೆರಳಿನ ಪಾಠವೂ ಆಗುತ್ತದೆ.

ಗೆರೆಚಿತ್ರವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಶುಚಿ ಮಾಡಲು ಕ್ರಿಟಾ ಅಥವಾ ಜಿಂಪ್, ಪುಟ ಜೋಡಿಸಲು ಸ್ಕ್ರೈಬಸ್, ಮೂರೂ ಉಚಿತ ತಂತ್ರಾಂಶಗಳು. ಚಿತ್ರ ಅಂಚಿನವರೆಗೂ ಹೋಗುವುದಿದ್ದರೆ ಸುತ್ತ ಅಂಚಿನಾಚೆಗೂ 3 ಮಿ.ಮೀ. ಚಿತ್ರ ಹೆಚ್ಚುವರಿಯಾಗಿರಲಿ, ಕಟಿಂಗ್ ಮಾಡುವಾಗ ಅದು ಹೋಗುತ್ತದೆ.

ಅಚ್ಚು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಮಾತಿದ್ದರೆ ಎಚ್ಚರ. ಎಷ್ಟೋ ಪ್ರೆಸ್‌ಗಳಲ್ಲಿ ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ಬಳಕೆಯಲ್ಲಿವೆ; ನಿಮ್ಮ ಯೂನಿಕೋಡ್ ಫೈಲನ್ನು ಅಲ್ಲಿ ತೆರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಬಹುದು. ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ. 50 ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು, ಆಫ್‌ಸೆಟ್ ದೊಡ್ಡ ಸಂಖ್ಯೆಗೆ ಮಾತ್ರ ಗಿಟ್ಟುತ್ತದೆ. ಒಳಪುಟಕ್ಕೆ 90 ಅಥವಾ 100 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಮ್ಯಾಪ್‌ಲಿಥೋ ಕಾಗದ, ಹೊದಿಕೆಗೆ ದಪ್ಪ ಕಾಗದ, ನಡುವೆ ಎರಡು ಪಿನ್. ಮೊದಲು ಒಂದೇ ಪ್ರತಿ ತೆಗೆಸಿ, ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು ಸುಮ್ಮನೆ ನೋಡಿ. ಅವರು ಎಲ್ಲಿ ಹಿಂದಿನ ಚೌಕಟ್ಟಿಗೆ ಮರಳುತ್ತಾರೋ ಅಲ್ಲಿ ಬಲೂನಿನ ಕ್ರಮ ತಪ್ಪಿದೆ ಎಂದರ್ಥ. ಅದನ್ನು ತಿದ್ದಿ ಉಳಿದ ಪ್ರತಿ ಹಾಕಿಸಿ.

ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರಾದರೆ ಹಣ ಮತ್ತು ಹಕ್ಕಿನ ಪಾಲನ್ನು ಕೆಲಸಕ್ಕೆ ಮೊದಲೇ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬೇಕಿದ್ದರೆ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಆ ಸಂಖ್ಯೆ ಹೊದಿಕೆಯ ಹಿಂಬದಿಯಲ್ಲಿ ಅಚ್ಚಾಗಬೇಕಾದ್ದರಿಂದ, ಪ್ರೆಸ್‌ಗೆ ಹೋಗುವ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ.