ಹೈಸ್ಕೂಲು, ಪಿಯುಸಿ ಮಕ್ಕಳ ಬಿಪಿ: ನನ್ನ ಕ್ಲಿನಿಕ್‌ನಲ್ಲಿ ಹೇಗೆ ನೋಡುತ್ತೇನೆ

ನಾನು ಮೈಸೂರಿನಲ್ಲಿ ಮಕ್ಕಳ ಡಾಕ್ಟರ್. ಹೈಸ್ಕೂಲು, ಪಿಯುಸಿ ಮಕ್ಕಳು ನನ್ನ ಹತ್ತಿರ ಬರುವುದು ಜ್ವರಕ್ಕೆ, ಕೆಮ್ಮಿಗೆ, ಇಲ್ಲವೇ ಸ್ಪೋರ್ಟ್ಸ್‌ಗೆ ಬೇಕಾದ ಸರ್ಟಿಫಿಕೇಟಿಗೆ. ಬಿಪಿ ನೋಡಿ ಅಂತ ಯಾರೂ ಬರುವುದಿಲ್ಲ. ಆ ವಯಸ್ಸಿನಲ್ಲಿ ಬಿಪಿ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ತಲೆನೋವು ಕೂಡ ಇರುವುದಿಲ್ಲ. ಹಾಗಾಗಿ ಯಾವ ಕಾರಣಕ್ಕೆ ಬಂದರೂ ವರ್ಷಕ್ಕೊಮ್ಮೆಯಾದರೂ ಕೈಗೆ ಪಟ್ಟಿ ಕಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡೆ. ಜ್ವರದ ದಿನ ಬಂದ ಅಂಕಿ ಲೆಕ್ಕಕ್ಕಿಲ್ಲ, ವಾಸಿಯಾದ ಮೇಲೆ ಮತ್ತೆ ಬರಲು ಹೇಳುತ್ತೇನೆ.

2021ರಲ್ಲಿ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ಇಲ್ಲಿನ ಅಪ್ಪ ಅಮ್ಮಂದಿರು ಹೆದರಿಬಿಟ್ಟರು. "ಡಾಕ್ಟ್ರೇ, ನಮ್ಮ ಹುಡುಗನಿಗೂ ಒಂದು ಇಸಿಜಿ ಬರೆದುಕೊಡಿ" ಅನ್ನುವವರು ಈಗಲೂ ಇದ್ದಾರೆ. ಇಸಿಜಿ ನಾರ್ಮಲ್ ಬಂದರೆ ಸಮಾಧಾನ ಆಗಬಹುದು, ಆದರೆ ಈ ವಯಸ್ಸಿನಲ್ಲಿ ನಾನು ಹುಡುಕುವುದು ಅದರಲ್ಲಿ ಸಿಗುವುದಿಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಗೆರೆ ಮೂಡುವುದು ಎಳೆ ವಯಸ್ಸಿನಲ್ಲೇ. ಅಮೆರಿಕದ ಬೊಗಲೂಸಾ ಎಂಬ ಊರಿನಲ್ಲಿ 1973ರಿಂದ ಮಕ್ಕಳ ತೂಕ, ಬಿಪಿ, ಕೊಲೆಸ್ಟರಾಲ್ ಅಳೆದು ಬರೆದಿಡುತ್ತಾ ಬಂದರು. ಅವರಲ್ಲಿ ಅಪಘಾತದಂಥ ಕಾರಣಕ್ಕೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕೆಲವರ ರಕ್ತನಾಳ ನೋಡಿದಾಗ, ಈ ಮೂರೂ ಜಾಸ್ತಿ ಇದ್ದವರಲ್ಲಿ ಗೆರೆಗಳೂ ಜಾಸ್ತಿ ಇದ್ದವು.

ಇನ್ನು ಬಿಪಿ ಅಳೆಯುವ ವಿಷಯ. ಸುಲಭ ಅನಿಸುತ್ತದೆ, ಅಲ್ವಾ? ಕೆಡುವುದೇ ಇಲ್ಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣಿಸುತ್ತದೆ. ಪಟ್ಟಿಯೊಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ 40 ಪರ್ಸೆಂಟ್ ಆದರೂ ಇರಬೇಕು, ಉದ್ದ 80ರಿಂದ 100 ಪರ್ಸೆಂಟ್. ಅದಕ್ಕೇ ಮೊದಲು ಟೇಪಿನಿಂದ ತೋಳು ಅಳೆಯುತ್ತೇನೆ, ದಪ್ಪ ಹುಡುಗರಿಗೆ ದೊಡ್ಡವರ ದೊಡ್ಡ ಸೈಜಿನ ಪಟ್ಟಿಯೇ ಬೇಕಾಗುತ್ತದೆ. ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ಬಲಗೈ ಎದೆಯ ಮಟ್ಟಕ್ಕೆ, ಮೊಬೈಲ್ ಅಮ್ಮನ ಕೈಗೆ. (ಈ ಕೊನೆಯದಕ್ಕೇ ಜಾಸ್ತಿ ಜಗಳ.) ಮಿಷಿನ್ನಿನಲ್ಲಿ ಜಾಸ್ತಿ ಬಂದರೆ ಸ್ಟೆತಸ್ಕೋಪ್ ಇಟ್ಟು ಕೇಳಿ ಖಚಿತ ಮಾಡಿಕೊಳ್ಳುತ್ತೇನೆ.

13 ತುಂಬಿದವರಿಗೆ 120/80ರ ಕೆಳಗಿದ್ದರೆ ಸರಿ. ಮೇಲಿನ ಅಂಕಿ 120 ಮುಟ್ಟಿದರೆ ಗಮನ ಇಡಬೇಕು. ಮೇಲಿನದು 130 ಅಥವಾ ಕೆಳಗಿನದು 80 ಮುಟ್ಟಿದರೆ ಬಿಪಿ ಜಾಸ್ತಿ ಅಂತಲೇ, 140/90 ಆದರೆ ಎರಡನೇ ಹಂತ. ಆದರೆ ಒಂದು ದಿನದ ಅಂಕಿ ನೋಡಿ ಹಣೆಪಟ್ಟಿ ಹಚ್ಚುವುದಿಲ್ಲ, ಬೇರೆ ಬೇರೆ ದಿನ ಮೂರು ಸಲ ಜಾಸ್ತಿ ಬರಬೇಕು. ಡಾಕ್ಟರನ್ನು ಕಂಡ ಕೂಡಲೇ ಏರುವ ಬಿಪಿ ಇರಬಹುದೆಂದು ಅನುಮಾನ ಬಂದರೆ 24 ಗಂಟೆ ಮಿಷಿನ್ ಕಟ್ಟಿಸುತ್ತೇನೆ. ತೊಡೆಸಂದಿಯ ನಾಡಿಯನ್ನೂ ಮುಟ್ಟಿ ನೋಡಬೇಕು. ಅದು ಕೈಯ ನಾಡಿಗಿಂತ ಕ್ಷೀಣವಾಗಿದ್ದರೆ ದೊಡ್ಡ ರಕ್ತನಾಳ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿರಬಹುದು, ಅದರ ದಾರಿಯೇ ಬೇರೆ. ತೆಳ್ಳಗಿರುವ ಮಗುವಿಗೆ ಬಿಪಿ ಇದ್ದರೆ ಮೂತ್ರ ಪರೀಕ್ಷೆ, ಕಿಡ್ನಿ ಸ್ಕ್ಯಾನ್ ಬಿಡಲೇಬಾರದು.

ತೂಕದ ಮಾತು ಎತ್ತಿದರೆ ಮಕ್ಕಳು ತಲೆ ತಗ್ಗಿಸುತ್ತಾರೆ, ಪಕ್ಕದಲ್ಲಿ ಅಜ್ಜಿ ಇದ್ದರೆ "ಮೈ ಕೈ ತುಂಬ್ಕೊಂಡಿದೆ, ದೃಷ್ಟಿ ಹಾಕ್ಬೇಡಿ" ಅನ್ನುತ್ತಾರೆ. ಅದಕ್ಕೇ ಒಂದು ದಾರ ಇಟ್ಟುಕೊಂಡಿದ್ದೇನೆ. ಮಗುವಿನ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಸೊಂಟಕ್ಕೆ ಸುತ್ತಲು ಅವರ ಕೈಗೇ ಕೊಡುತ್ತೇನೆ. ತುದಿಗಳು ಸೇರದಿದ್ದರೆ ಹೊಟ್ಟೆಯ ಸುತ್ತ ಬೊಜ್ಜು ಕೂತಿದೆ ಅಂತ ಅರ್ಥ. ಯಾರೂ ಬೈಯಬೇಕಾಗಿಲ್ಲ. ಕತ್ತಿನ ಹಿಂದೆ ಕಪ್ಪಗೆ, ಒರಟಾಗಿ ಆಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಗುರುತು ಅದು, ಶುಗರ್, ಕೊಲೆಸ್ಟರಾಲ್ ಪರೀಕ್ಷೆ ಬರೆಯುತ್ತೇನೆ.

ಅಮ್ಮನನ್ನು ಎರಡು ಪ್ರಶ್ನೆ ಕೇಳುತ್ತೇನೆ. ಹುಟ್ಟಿದಾಗ ತೂಕ ಎಷ್ಟಿತ್ತು? ಬಸುರಿಯಲ್ಲಿ ನಿಮಗೆ ಶುಗರ್ ಇತ್ತಾ? ಇದಕ್ಕೆ ಕಾರಣ ನಮ್ಮೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದವರ ತೂಕದ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಮೈಸೂರಿನಲ್ಲೇ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು, 1996ರಲ್ಲಿ ಅದು ಪ್ರಕಟವಾಯಿತು. ಸಣ್ಣಗೆ ಹುಟ್ಟಿ ಈಗ ಬೇಗ ಬೇಗ ದಪ್ಪಗಾಗುತ್ತಿರುವ ಮಗುವನ್ನು ಕಂಡರೆ ನನಗೆ ಚಿಂತೆ ಜಾಸ್ತಿ.

ಆಮೇಲೆ ಊಟ. ಮಗುವಿಗೆ ಮಾತ್ರ ಬೇರೆ ತಟ್ಟೆ ಮಾಡಬೇಡಿ ಅನ್ನುತ್ತೇನೆ. ಅಡುಗೆ ಮಾಡುವವರು, ಸಾಮಾನು ತರುವವರು ದೊಡ್ಡವರು ತಾನೇ? ಮುದ್ದೆ, ಬಸ್ಸಾರು, ಸೊಪ್ಪು, ಕಾಳು ಇವೆಲ್ಲ ಒಳ್ಳೆಯವೇ, ಆದರೆ ಕೈ ಅಳತೆಯ ಉಪ್ಪು, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೇ ದಿನಕ್ಕೆ 5 ಗ್ರಾಂ ಒಳಗೆ, ಒಂದು ಚಹಾ ಚಮಚಕ್ಕಿಂತ ಕಡಿಮೆ. ಪ್ಯಾಕೆಟ್ ತಿಂಡಿಯ ಹಿಂದೆ ಸೋಡಿಯಂ 400 ಮಿಲಿಗ್ರಾಂ ಅಂತ ಇದ್ದರೆ ಅದು 1 ಗ್ರಾಂ ಉಪ್ಪು. ಈ ಲೆಕ್ಕ ಹೇಳಿಕೊಟ್ಟರೆ ಮಕ್ಕಳೇ ಅಂಗಡಿಯಲ್ಲಿ ಓದಲು ಶುರು ಮಾಡುತ್ತಾರೆ. ಟ್ಯೂಷನ್ ಬಿಟ್ಟ ಮೇಲಿನ ಬೇಕರಿ ಪಫ್ಸು, ಗಾಡಿ ಗೋಬಿ, ಬಾಟಲಿ ಜ್ಯೂಸು ಪೂರ್ತಿ ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ. ವಾರಕ್ಕೊಂದು ದಿನ ಅಂತ ಅವರೇ ಆರಿಸಿಕೊಳ್ಳಲಿ.

ಭಾನುವಾರ ಚಾಮುಂಡಿ ಬೆಟ್ಟ ಹತ್ತಿಸಿದರೆ ಸಾಕು ಅಂದುಕೊಳ್ಳುವವರು ತುಂಬ ಜನ. ಬೇಕಿರುವುದು ದಿನಕ್ಕೆ 60 ನಿಮಿಷ, ಬೆವರು ಬರುವ ಹಾಗೆ. ಒಟ್ಟಿಗೇ ಆಗಬೇಕೆಂದಿಲ್ಲ. ಕಾಲೇಜಿಗೆ ಸೈಕಲ್, ಸಂಜೆ ಶಟಲ್, ಹೇಗಾದರೂ ಸರಿ. ನಿದ್ದೆ 8 ಗಂಟೆಯಾದರೂ ಬೇಕು, ನೀಟ್ ಕೋಚಿಂಗ್ ಇದ್ದರೂ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವ ಮಕ್ಕಳಿಗೆ ನಿದ್ದೆಯ ಪರೀಕ್ಷೆಯೂ ಬೇಕಾಗಬಹುದು. ಬೆಳೆಯುವ ಮಗು ತೂಕ ಇಳಿಸಲೇಬೇಕೆಂದಿಲ್ಲ, ಎಷ್ಟೋ ಸಲ ತೂಕ ಅಲ್ಲೇ ನಿಂತು ಎತ್ತರ ಏರಿದರೆ ಸಾಕು.

ಇಷ್ಟು ಮಾಡಿ ಆರು ತಿಂಗಳಾದರೂ ಬಿಪಿ ಇಳಿಯದಿದ್ದರೆ ಮಾತ್ರೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಹೃದಯದ ಗೋಡೆ ದಪ್ಪಗಾಗಿದ್ದರೆ ಅಷ್ಟು ಕಾಯುವುದೂ ಇಲ್ಲ. "ಇಷ್ಟು ಚಿಕ್ಕ ವಯಸ್ಸಿಗೇ ಮಾತ್ರೆಯಾ, ಜೀವನಪೂರ್ತಿನಾ?" ಅಂತ ಕೇಳುತ್ತಾರೆ. ಹಾಗೇನಿಲ್ಲ. ತೂಕ ಹಿಡಿತಕ್ಕೆ ಬಂದು ಬಿಪಿ ಇಳಿದರೆ ಕೆಲವರಿಗೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಬಹುದು, ಆದರೆ ನನ್ನನ್ನು ಕೇಳದೆ ಮನೆಯಲ್ಲೇ ನಿಲ್ಲಿಸಬೇಡಿ ಅಂತ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ. ಜೊತೆಗೆ ಬಂದ ಅಪ್ಪನ ಬಿಪಿಯನ್ನೂ ಅಲ್ಲೇ ನೋಡಿ ಕಳಿಸುತ್ತೇನೆ.